ಬಾಯಿಗೆ ಬಾರದ ಹೆಸರು

ಕಜಕರು ಮೊಲದ ವರ್ಷವೆಂದು ನೆನೆಯುವ 1723ರ ವಸಂತ. ತಲಾಸ್ ನದಿಯ ಬಯಲಲ್ಲಿ ಕುರಿಗಳು ಮರಿ ಹಾಕುತ್ತಿದ್ದ ಹೊತ್ತಿಗೆ ವೈರಿಗಳಾದ ಜುಂಗಾರರ ಕುದುರೆದಂಡು ಮೇಲೆ ಬಿತ್ತು. ತೋರ್ಗಿನಳ ಗಂಡ ಅಲ್ಲೇ ಈಟಿಗೆ ಬಲಿಯಾದ. ಅಳಲೂ ಪುರಸೊತ್ತಿಲ್ಲದೆ ಅವಳು ಅತ್ತೆ ಉಲ್ಜಾನಳ ಕೈಹಿಡಿದು, ಮಾವನ ಹಿಂದೆ ಓಡಿದಳು. ದಾರಿಯಲ್ಲಿ ಕುದುರೆಗಳು ಸತ್ತವು, ಬೂಟುಗಳು ಹರಿದವು. ಬರಿಗಾಲಲ್ಲಿ ಸಿರ್ ದರಿಯಾ ನದಿಯ ದಂಡೆ ಮುಟ್ಟುವಾಗ ಮಾವ ಜೊತೆಗಿರಲಿಲ್ಲ. ಹಿಂದೆ ಬಿದ್ದ ಯಾರೋ ಮುದುಕಿಯನ್ನು ಹೊತ್ತು ತರುತ್ತೇನೆಂದು ಹೋದವನು ಬಂದೇ ಇರಲಿಲ್ಲ.

ದಂಡೆಯ ತುಂಬ ಜನ ತಮ್ಮವರನ್ನು ಕೂಗುತ್ತಿದ್ದರು. ಕೂಗಿ ಕೂಗಿ ಉಲ್ಜಾನಳ ದನಿ ಬಿದ್ದುಹೋಗಿತ್ತು.

“ನೀನು ಹೆಸರು ಹಿಡಿದು ಕೂಗೇ. ನಾನು ‘ಯಜಮಾನ್ರೇ’ ಅಂದ್ರೆ ಇಲ್ಲಿರೋ ಗಂಡಸರೆಲ್ಲ ತಿರುಗಿ ನೋಡ್ತಾರೆ.”

“ಮಾವನ ಹೆಸರನ್ನ? ನಾನಾ, ಅತ್ತೆ?”

ಸೊಸೆಯಾದವಳು ಮಾವನ ಹೆಸರೆತ್ತುವಂತಿರಲಿಲ್ಲ. ಎಸಿರ್ಕೆಪ್ ಎಂಬ ಆ ಹೆಸರಿನಲ್ಲಿ ಕನಿಕರವೆಂಬ ಅರ್ಥವಿತ್ತು. ಹಾಗಾಗಿ ತೋರ್ಗಿನ್ ಪ್ರಾರ್ಥನೆಯಲ್ಲೂ ಆ ಮಾತನ್ನು ಬಿಟ್ಟು, “ಸ್ವಲ್ಪ ಈ ಕಡೆ ನೋಡಪ್ಪಾ” ಎಂದು ದೇವರನ್ನು ಬೇಡುತ್ತಿದ್ದಳು. ಕೇಳಿದ ಮಾವ ಹೊಟ್ಟೆ ಹಿಡಿದು ನಗುತ್ತಿದ್ದ.

“ಮರ್ಯಾದೆನೆಲ್ಲ ತಲಾಸಿನಲ್ಲೇ ಬಿಟ್ಟು ಬಂದ್ವಿ ಕಣೇ. ಕೂಗು. ಪಾಪ ಬಂದ್ರೆ ನಂಗಿರಲಿ.”

ತೋರ್ಗಿನ್ ಕಣ್ಣುಮುಚ್ಚಿ ಕೂಗಿದಳು. “ಎಸಿರ್ಕೆಪ್! ಎಸಿರ್ಕೆಪ್!”

ಜನರನ್ನು ತಳ್ಳಿಕೊಂಡು ಒಬ್ಬ ಅಪರಿಚಿತ ಮುದುಕ ಓಡಿಬಂದ. “ಬಂದೆ, ಬಂದೆ! ಸಿಕ್ಕಿದ್ಲಾ ನನ್ನ ಮಗಳು?” ಅವರಿಬ್ಬರ ಮುಖ ನೋಡಿ ಹಾಗೇ ನಿಂತ. “ನನ್ನ ಹೆಸರೂ ಅದೇ ತಾಯಿ. ಮಗಳು ಕುನಿಕೆ ಜೊತೆ ಇದ್ದೋರು ಯಾರೋ ಕರೆದ್ರು ಅಂದ್ಕೊಂಡೆ.”

ಉಲ್ಜಾನ್ ಮಡಿಲಿಂದ ಒಣಗಿಸಿದ ಮೊಸರುಗಡ್ಡೆಯೊಂದನ್ನು ತೆಗೆದು ಕೊಟ್ಟಳು. ಮುದುಕ ತಿನ್ನಲಿಲ್ಲ, ಮಗಳಿಗೆಂದು ನಡುಪಟ್ಟಿಯೊಳಗೆ ಸಿಕ್ಕಿಸಿಕೊಂಡ.

ಆ ಕೂಗನ್ನು ಕೇಳಿದ ಇನ್ನೊಬ್ಬನೂ ಇದ್ದ, ತೋಳಿಗೆ ಗಾಯವಾಗಿದ್ದ ಸವಾರ. ಹತ್ತಿರ ಬಂದು ತಲೆತಗ್ಗಿಸಿ ಹೇಳಿದ: “ತಲಾಸ್ ಕಡೆ ಎಸಿರ್ಕೆಪ್ ತಾನೆ? ಹಳ್ಳದ ಹತ್ತಿರ ಬಾಣ ತಗುಲ್ತು ಅಮ್ಮಾ. ಬೆನ್ನ ಮೇಲೆ ಅಜ್ಜಿ ಇದ್ಲು.”

“ಅವಳನ್ನ ಕೆಳಗೆ ಹಾಕಿ ಓಡಿರಲಿಲ್ವಾ?”

“ಇಲ್ಲ.”

ಉಲ್ಜಾನ್ ಮೆಲ್ಲಗೆ ತಲೆಯಾಡಿಸಿದಳು, ತನಗೆ ಗೊತ್ತಿದ್ದದ್ದೇ ಎಂಬಂತೆ. ಆಮೇಲೆ ಮರಳಲ್ಲಿ ಕೂತುಬಿಟ್ಟಳು.

ಬೆನ್ನಹಿಂದೆ ಜುಂಗಾರರ ಕುದುರೆಗಳ ಧೂಳೆದ್ದಾಗ ಜೊಂಡಿನ ತೆಪ್ಪಗಳಿಗೆ ನೂಕುನುಗ್ಗಲಾಯಿತು. ತೋರ್ಗಿನ್ ಅತ್ತೆಯನ್ನು ಎತ್ತಿ ತೆಪ್ಪದಲ್ಲಿ ಕೂರಿಸಿ ಮುದುಕನ ತೋಳು ಹಿಡಿದಳು. “ಬನ್ನಿ ಅಪ್ಪಾ. ನಿಮ್ಮ ಮಗಳು ಆ ದಡದಲ್ಲಿ ಇರಬಹುದು.”

“ಈ ದಡದಲ್ಲಿದ್ರೆ?” ಎಂದು ಕೈ ಬಿಡಿಸಿಕೊಂಡು ಅವನು ಧೂಳಿನತ್ತ ನಡೆದ.

ಆಚೆ ದಡದಲ್ಲಿ ತೋರ್ಗಿನ್ ಒಲೆಯಿಂದ ಒಲೆಗೆ ಹೋಗಿ, ಕುನಿಕೆ ಎಂಬ ಹುಡುಗಿಯನ್ನು ಕಂಡಿರಾ ಎಂದು ಕೇಳಿದಳು. ಕಂಡವರು ಯಾರೂ ಇರಲಿಲ್ಲ.