ಪಕ್ಕದ ದ್ವೀಪದಿಂದ ಬಂದ ಹೆಣ್ಣುಗಿಳಿ

ಜೊತೆಯವರೆಲ್ಲ ಅವಳನ್ನು ಗರಿಯಕ್ಕ ಎಂದೇ ಕರೆಯುತ್ತಿದ್ದರು. ದ್ವೀಪದ ಗಿಳಿಗಳು ಉದುರಿಸಿದ ಗರಿಗಳನ್ನು ಆಯ್ದು ತಂದು, ಅವುಗಳ ಬುಡದಿಂದ ಡಿಎನ್‌ಎ ತೆಗೆದು, ಯಾವ ಗಿಳಿ ಯಾವುದಕ್ಕೆ ಏನಾಗಬೇಕು ಎಂದು ಹೇಳುವುದು ಅವಳ ಕೆಲಸ. ಆ ವರ್ಷದ ಫಲಿತಾಂಶ ನೋಡಿ ಅವಳ ಮುಖ ಸಪ್ಪಗಾಯಿತು. ಅಳಿದುಳಿದ ಗಿಳಿಗಳೆಲ್ಲ ಒಂದೇ ತಾಯಿಯ ಮಕ್ಕಳಷ್ಟು ಹತ್ತಿರ. ಮೊಟ್ಟೆಗಳು ಮರಿಯಾಗದೆ ಕೊಳೆಯುತ್ತಿದ್ದುದು ಅದಕ್ಕೇ.

ಪಕ್ಕದ ಪುಟ್ಟ ದ್ವೀಪದಲ್ಲಿ ಇದೇ ಜಾತಿಯ ಕೆಲವು ಗಿಳಿಗಳಿದ್ದವು. ಎಷ್ಟೋ ತಲೆಮಾರಿನಿಂದ ಈ ಕಡೆಯವಕ್ಕೂ ಅವಕ್ಕೂ ಹೋಗಿಬರುವುದಿರಲಿಲ್ಲ. ಅಲ್ಲಿಂದೊಂದು ಹೆಣ್ಣು ತರೋಣ ಎಂದಳು. ಗಿಳಿ ಸಂರಕ್ಷಣಾ ಕೇಂದ್ರದ ಮುಖ್ಯಸ್ಥರು ಮೀನಮೇಷ ಎಣಿಸಿದರು.

"ಎರಡೂ ಬೆರೆತುಹೋದ್ರೆ ನಮ್ಮ ಗಿಳಿ ನಮ್ಮದಾಗೇ ಉಳಿಯುತ್ತೇನಮ್ಮಾ?"

"ಬೆರೀದಿದ್ರೆ ಗಿಳೀನೇ ಉಳಿಯಲ್ಲ ಸರ್."

ಅವರು ಒಪ್ಪಿದರು.

ತಮ್ಮ ಟೈಲರಿಂಗ್ ಅಂಗಡಿ ಮುಚ್ಚಿದ ಮೇಲೆ ಗರಿಯಕ್ಕನ ಅಮ್ಮ ದ್ವೀಪದ ಕ್ವಾರ್ಟರ್ಸಿನಲ್ಲಿ ಮಗಳ ಜೊತೆಗೇ ಇದ್ದರು. ಗಿಳಿಯನ್ನು ತರಲು ಮೆತ್ತನೆಯ ಬಟ್ಟೆಯ ಚೀಲ ಹೊಲಿದುಕೊಟ್ಟವರು ಅವರೇ. "ಎಷ್ಟು ಮದುವೆ ಹೆಣ್ಣುಗಳಿಗೆ ಬಟ್ಟೆ ಹೊಲಿದೆನೋ. ಹೆಣ್ಣನ್ನೇ ಹಾಕಿ ತರೋ ಚೀಲ ಹೊಲೀತಿರೋದು ಇದೇ ಮೊದಲು."

ಹೆಣ್ಣುಗಿಳಿ ಬಂತು. ಗರಿಯಕ್ಕ ಲೆಕ್ಕ ಹಾಕಿ ಆರಿಸಿದ ಗಟ್ಟಿಮುಟ್ಟಾದ ಗಂಡನ್ನು ಅದರ ಪಂಜರದಲ್ಲಿ ಬಿಟ್ಟಳು. ಹೆಣ್ಣು ಕುಕ್ಕಿ ಕುಕ್ಕಿ ಅದನ್ನು ಮೂಲೆಗೆ ತಳ್ಳಿತು. ಇನ್ನೊಂದನ್ನು ಬಿಟ್ಟರೂ ಅದೇ ಪಾಡು.

"ನಾನು ತೋರಿಸಿದ ಹುಡುಗರನ್ನೆಲ್ಲ ನೀನೂ ಹೀಗೇ ಓಡಿಸಿದ್ದೆ," ಎಂದರು ಅಮ್ಮ.

"ಅದೂ ಇದೂ ಒಂದೇನಾ?"

"ಒಂದೇ ಹೇಗಾಗುತ್ತೆ? ನೀನು ಕುಕ್ಕಲಿಲ್ಲ."

ಗರಿಯಕ್ಕನಿಗೆ ನಗು ತಡೆಯಲಾಗಲಿಲ್ಲ. ಮಾರನೆಯ ಬೆಳಿಗ್ಗೆ ಗಟ್ಟಿ ಮನಸ್ಸು ಮಾಡಿ ಪಂಜರದ ಬಾಗಿಲು ತೆರೆದಳು. ಹೆಣ್ಣು ತನ್ನ ದ್ವೀಪಕ್ಕೇ ಹಾರಿಬಿಟ್ಟರೆ ಪಟ್ಟ ಪಾಡೆಲ್ಲ ನೀರುಪಾಲು. ಅದು ಮರದ ತುದಿಯಲ್ಲಿ ಕೂತು ಮೈ ಕೊಡವಿ ಕಾಡಿನೊಳಕ್ಕೆ ಹೋಯಿತು.

ಕೆಲವು ವಾರಗಳ ಮೇಲೆ ಅದು ಸಿಕ್ಕಿದ್ದು ಒಕ್ಕಣ್ಣನ ಪೊಟರೆಯಲ್ಲಿ. ಒಂದು ಕಣ್ಣಿಲ್ಲದ ಆ ಮುದಿ ಗಂಡನ್ನು, ಇನ್ನೇನು ಇದರಿಂದಾಗುತ್ತದೆ ಎಂದು ಗರಿಯಕ್ಕ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಈಗ ಅದು ಕಾಯಿ ಜಗಿದು ತಂದು ಹೆಣ್ಣಿನ ಬಾಯಿಗೆ ಹಾಕುತ್ತಿತ್ತು. ಪೊಟರೆಯೊಳಗೆ ಮೂರು ಮೊಟ್ಟೆ.

ಮೂರೂ ಮರಿಯಾದವು. ಮರಿಗಳ ಒಂದೊಂದು ಹನಿ ರಕ್ತ ಪರೀಕ್ಷಿಸಿದಾಗ ಎರಡೂ ದ್ವೀಪಗಳ ಅಂಶ ಸರಿಸಮವಾಗಿ ಕಂಡಿತು. ಅವಳು ಆ ಹಾಳೆ ಹಿಡಿದು ಮುಖ್ಯಸ್ಥರ ಕೋಣೆಗೆ ಓಡಿದಳು. ಅವರು ಎದ್ದುನಿಂತು ಕೈಕುಲುಕಿದರು.

ಮರಿಗಳು ಗೂಡು ಬಿಡುವ ದಿನ ಅಮ್ಮನೂ ಮರದ ಬುಡಕ್ಕೆ ಬಂದರು. ಮೊದಲೆರಡು ಹಾರಿದವು. ಮೂರನೆಯದು ಪೊಟರೆಯ ಬಾಯಲ್ಲೇ ಕೂತು ಊರಿಗೆಲ್ಲ ಕೇಳುವಂತೆ ಚೀರುತ್ತಿತ್ತು.

"ಇದಕ್ಕೇನೂ ಅವಸರವಿಲ್ಲ," ಎನ್ನುತ್ತ ಅಮ್ಮ ಫ್ಲಾಸ್ಕಿನಿಂದ ಟೀ ಬಗ್ಗಿಸಿದರು. ಗರಿಯಕ್ಕನೂ ಅವರ ಪಕ್ಕ ಕಾಲು ಚಾಚಿ ಕೂತಳು.