ಎಸೆತಗಾರನಿಗೊಂದು ಶಾಲು

“ಶಾಲು ವಾಪಸ್ ಕೊಡಬೇಕು, ಆಯ್ತಾ? ಆಮೇಲೆ ಬೇಜಾರು ಮಾಡ್ಬೇಡ, ಈಗಲೇ ಹೇಳಿದ್ದೇನೆ.”

ಕಾರು ನಡೆಸುತ್ತಿದ್ದ ಅಬ್ದುಲ್ ಬಾರಿ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದ. ಶುಕ್ರವಾರ ಜಿದ್ದಾದ ಶರಫಿಯಾ ಪೇಟೆಯಲ್ಲಿ ಕಣ್ಣು ತೆಗೆದರೆ ಮುಗಿಯಿತು.

“ಯಾವ ಶಾಲು?” ಪಕ್ಕದಲ್ಲಿದ್ದ ಮಿಸ್ಬಾಹ್ ಕೇಳಿದ.

“ನಿನ್ನ ಸನ್ಮಾನದ್ದು ಮಾರಾಯ. ಈ ಸಲ ಸಾಧಕರು ಜಾಸ್ತಿ ಆಗಿದ್ದಾರೆ, ಶಾಲು ಕಮ್ಮಿ ಬಿದ್ದಿದೆ. ಫೋಟೋ ಆದ ಕೂಡ್ಲೆ ಮಡಚಿ ಹಿಂದೆ ದಾಟಿಸು.”

ಮಿಸ್ಬಾಹ್ ನಗಬೇಕೆಂದುಕೊಂಡ. ಬಾಯಿ ಆ ಕೆಲಸ ಮಾಡಿತು. ಉಳಿದ ಮುಖ ಕೈಜೋಡಿಸಲಿಲ್ಲ.

ಕರಾವಳಿಯವರ ಸ್ನೇಹಕೂಟ ವರ್ಷಕ್ಕೊಮ್ಮೆ ಊರಿನ ಸಾಧಕರನ್ನು ಹುಡುಕುತ್ತದೆ. ಜಿದ್ದಾದಲ್ಲಿ ಈಗ ಸನ್ಮಾನವಾಗದೆ ಉಳಿದವರೇ ಕಡಿಮೆ. ರಕ್ತ ಕೊಟ್ಟವನಿಗೆ ಆಯಿತು. ತೀರಿಕೊಂಡವರ ಮಯ್ಯತ್ ಊರಿಗೆ ಕಳಿಸಲು ಕಚೇರಿ ಕಚೇರಿ ಅಲೆದವನಿಗೆ ಆಯಿತು. ವೀಸಾ ಕೊಟ್ಟ ಅರಬಿ ಧಣಿ, ಒಬ್ಬನೇ ಕಫೀಲನ ಹತ್ತಿರ ಅರ್ಧ ಆಯುಷ್ಯ ದುಡಿದವನಿಗೆ, ಅದೂ ಒಂದು ಸಾಹಸವೇ ಎಂದು, ಆಯಿತು. ಕ್ರೀಡೆಯಲ್ಲಿ ಕಬಡ್ಡಿ, ವಾಲಿಬಾಲ್, ಹಗ್ಗಜಗ್ಗಾಟ ಎಲ್ಲ ತೀರಿಹೋಗಿ ಈ ಸಲ ಬೇಸ್‌ಬಾಲ್‌ಗೆ ಬಂದು ನಿಂತಿತ್ತು.

“ನೀನು ಆ ಪಂದ್ಯದ ವಿಷಯ ಹೇಳ್ತೀಯಲ್ಲ?”

“ಯಾವುದು?”

“ಪಟಿಯಾಲದ್ದು.”

“ಹೇಳುವ, ಹೇಳುವ. ಯಲ್ಲಾ ಹಬೀಬಿ!” ಬಾರಿ ಮುಂದಿದ್ದ ಟ್ಯಾಕ್ಸಿಯವನಿಗೆ ತನ್ನ ಕಫೀಲನ ಸ್ವರದಲ್ಲಿ ಕೂಗಿದ. ಕಫೀಲನ ಗಂಟಲು, ಪಠಾಣ್ ಡ್ರೈವರನ ಗೊಣಗು, ಊರಿನ ಬಸ್ ಕಂಡಕ್ಟರನ ಸೀಟಿ, ಎಲ್ಲವೂ ಅವನ ಬಾಯಲ್ಲಿದ್ದವು. ಅವನ ಸ್ವಂತ ಸ್ವರ ಯಾವುದೆಂದು ಕಾಲೇಜಿನಿಂದ ಜೊತೆಗಿದ್ದ ಮಿಸ್ಬಾಹ್‌ಗೂ ಮರೆತುಹೋಗಿತ್ತು.

ಪಟಿಯಾಲ. ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿ. ಡಿಸೆಂಬರಿನ ಮಂಜು. ಮಿಸ್ಬಾಹ್ ಪಿಚರ್, ನಡುವಿನ ದಿಬ್ಬದ ಮೇಲೆ ನಿಂತು ಚೆಂಡು ಎಸೆಯುವವನು. ಬಾರಿ ಕ್ಯಾಚರ್, ಬ್ಯಾಟ್ ಹಿಡಿದವನ ಹಿಂದೆ ಕುಕ್ಕರುಗಾಲಲ್ಲಿ ಕೂತು, ಮುಖಕ್ಕೆ ಜಾಲರಿ ಹಾಕಿಕೊಂಡು, ಯಾವ ಎಸೆತ ಬೇಕೆಂದು ತೊಡೆಗಳ ನಡುವೆ ಬೆರಳಲ್ಲಿ ಸನ್ನೆ ಮಾಡುವವನು. ಆ ದಿನ ಗೋಧಿ ತಿಂದು ಬೆಳೆದ ಎದುರಾಳಿಗಳು ಒಬ್ಬೊಬ್ಬರಾಗಿ ಬಂದು ಗಾಳಿಗೆ ಬ್ಯಾಟ್ ಬೀಸಿ ಹೋದರು. ಕಡೆಯ ತನಕ ಒಬ್ಬನಿಗೂ ಚೆಂಡು ಸಿಗಲಿಲ್ಲ. ಮಿಸ್ಬಾಹನ ಹೆಸರು ಭಾರತ ತಂಡದ ಶಿಬಿರಕ್ಕೆ ಬಂತು. ಶಿಬಿರದಲ್ಲಿ ಭುಜದ ನೋವನ್ನು ಯಾರಿಗೂ ಹೇಳದೆ ಎಸೆದ. ಎಸೆದು ಎಸೆದು ಒಂದು ಬೆಳಿಗ್ಗೆ ಒಳಗೆ ಏನೋ ಹರಿಯಿತು. ತಂಡ ಆರಿಸುವ ಮೊದಲೇ ಊರಿನ ರೈಲು ಹತ್ತಿದ. ಆಮೇಲೆ ವೀಸಾ, ಇಲ್ಲಿ ವಾಸಕ್ಕೆ ಇಕಾಮಾ, ಕಟ್ಟಡ ಸಾಮಗ್ರಿ ಕಂಪನಿಯ ಖರೀದಿ ವಿಭಾಗ.

ಬೇಸ್‌ಬಾಲ್ ಅಂದರೆ ಇಲ್ಲಿರುವ ಊರಿನವರು ಕೇಳುತ್ತಿದ್ದರು: “ಲಗೋರಿಯ ಹಾಗೆ ಎಂತಾದ್ರೂ?”

ಹಾಗಾಗಿ ಅವನು ಮೊಬೈಲಿನಲ್ಲಿ ಒಬ್ಬನೇ ಅಮೆರಿಕದ ಹಳೆಯ ಪಂದ್ಯಗಳನ್ನು ನೋಡುತ್ತಿದ್ದ. ಗೆದ್ದವರನ್ನಲ್ಲ. ಎರಡೋ ಮೂರೋ ವರ್ಷ ಧಗಧಗ ಉರಿದು ಆರಿಹೋದವರನ್ನು. ಮಹಾನ್ ಆಟಗಾರರ ಹೆಸರು ಕೆತ್ತಿಡುವ ಭವನವೊಂದು ಅಲ್ಲಿದೆ, ಹಾಲ್ ಆಫ್ ಫೇಮ್. ಅದರ ಬಾಗಿಲ ತನಕ ಹೋಗಿ ಚಪ್ಪಲಿ ಬಿಡುವ ಜಾಗದಿಂದಲೇ ವಾಪಸಾದವರು ಇವರು. ಒಬ್ಬ ಈಗ ವಿಮೆ ಮಾರುತ್ತಾನೆ. ಒಬ್ಬ ಎಲ್ಲಿದ್ದಾನೆಂದೇ ಗೊತ್ತಿಲ್ಲ. ಅವರ ಭುಜ, ಮೊಣಕೈ, ಮಣಿಕಟ್ಟುಗಳ ಚರಿತ್ರೆ ಅವನಿಗೆ ಬಾಯಿಪಾಠ.

“ನಿಮ್ಮ ಆಸ್ಪತ್ರೆ ಶುರುವಾಯ್ತಾ?” ಎನ್ನುತ್ತಿದ್ದಳು ಹೆಂಡತಿ ರಶೀದಾ.

ತಾನೂ ಅವರ ಸಾಲಿನವನೆಂದು ಅಂದುಕೊಳ್ಳಲು ಅವನಿಗೆ ನಾಚಿಕೆ. ಅವರು ಬೀಳುವ ಮೊದಲು ಹತ್ತಿದ್ದರು. ಬಿದ್ದದ್ದನ್ನು ನೋಡಿ ಅಯ್ಯೋ ಅಂದವರಿದ್ದರು. ತನಗಿದ್ದ ಒಬ್ಬನೇ ಸಾಕ್ಷಿ ಈಗ ಪಕ್ಕದಲ್ಲಿ ಹಾರ್ನ್ ಒತ್ತುತ್ತಿದ್ದ. ಆ ಒಂದು ಪಂದ್ಯ, ನಡೆದದ್ದು ನಡೆದ ಹಾಗೆ, ನಾಲ್ಕು ಜನರ ಮುಂದೆ ಅವನ ಬಾಯಿಂದ ಬಂದರೆ ಸಾಕಿತ್ತು. ಶಾಲು ಯಾರಿಗೆ ಬೇಕು?

ಕಾರ್ಯಕ್ರಮ ಊರ ಹೊರಗಿನ ಇಸ್ತಿರಾಹದಲ್ಲಿ. ರಜೆಯ ದಿನಕ್ಕೆ ಬಾಡಿಗೆಗೆ ಸಿಗುವ, ಎತ್ತರದ ಗೋಡೆಯ ಅಂಗಳ. ಪ್ಲಾಸ್ಟಿಕ್ ಹುಲ್ಲು, ಪ್ಲಾಸ್ಟಿಕ್ ಕುರ್ಚಿ, ಪರದೆಯ ಆಚೆ ಹೆಂಗಸರು. ಇಳಿಹೊತ್ತಿನ ಅಸರ್ ನಮಾಝ್ ಮುಗಿದದ್ದೇ ಸಭೆ ಶುರುವಾಗಿತ್ತು. ಬಿರಿಯಾನಿಯ ವಾಸನೆ ಭಾಷಣಗಳನ್ನು ಹಿಂದಿನಿಂದ ನೂಕುತ್ತಿತ್ತು.

“ಈಗ ವೇದಿಕೆಗೆ, ಭಾರತ ಬೇಸ್‌ಬಾಲ್ ತಂಡದ ಮಾಜಿ ನಾಯಕ, ಅಂತಾರಾಷ್ಟ್ರೀಯ ಖ್ಯಾತಿಯ ಜನಾಬ್ ಮಿಸ್ಬಾಹ್!” ಎಂದು ಕಾರ್ಯದರ್ಶಿ ನಿಸಾರ್ ಕೂಗಿದ.

ಮಿಸ್ಬಾಹ್ ಹಿಂದೆ ತಿರುಗಿ ನೋಡಿದ, ಬೇರೆ ಯಾರಾದರೂ ಎದ್ದು ಬರಬಹುದೆಂದು.

ಮೆಟ್ಟಿಲ ಬಳಿ ನಿಸಾರನಿಗೆ ಪಿಸುಗುಟ್ಟಿದ: “ನಾನು ಶಿಬಿರಕ್ಕೆ ಆಯ್ಕೆ ಅಂತ ಮಾತ್ರ ಬರೆದು ಕಳಿಸಿದ್ದು.”

“ಗೊತ್ತುಂಟು ಮಿಸ್ಬಾಹ್ ಭಾಯ್. ಶಿಬಿರ ಅಂದ್ರೆ ಇವರು ಕಣ್ಣಿನ ತಪಾಸಣೆಯದ್ದು ಅಂತ ತಿಳ್ಕೊಳ್ತಾರೆ. ಸನ್ಮಾನ ಅಂದ ಮೇಲೆ ಸ್ವಲ್ಪ ಏರಿಸ್ಲಿಕ್ಕುಂಟು. ಎಲ್ಲರಿಗೂ ಏರಿಸಿದ್ದೇವೆ. ನಿಮಗೊಬ್ಬರಿಗೆ ಬಿಟ್ರೆ ಪಕ್ಷಪಾತ ಆಗ್ತದೆ.”

ಶಾಲು ಹಿಂದಿನವನ ಕುತ್ತಿಗೆಯಿಂದ ನೇರ ಬಂದದ್ದು. ಇನ್ನೂ ಬೆಚ್ಚಗಿತ್ತು, ಯಾರದೋ ಅತ್ತರಿನ ವಾಸನೆ. ಫೋಟೋ ಆಯಿತು. ಮಡಚುವ ತೊಂದರೆಯೂ ಅವನಿಗೆ ಬರಲಿಲ್ಲ. ಹಿಂದಿನಿಂದ ಯಾರೋ ಮೆತ್ತಗೆ ಎಳೆದುಕೊಂಡರು.

ಬಾರಿ ಮೈಕ್ ಹಿಡಿದ. ಮೊದಲು ನಿಸಾರನನ್ನೇ ಅಣಕಿಸಿದ. ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ಟಿವಿಯ ವೀಕ್ಷಕ ವಿವರಣೆಗಾರನ ಸ್ವರಕ್ಕೆ ಹೊರಳಿದ.

“ಎದುರಲ್ಲಿ ಯಾರು? ಜಪಾನ್! ಸ್ಟೇಡಿಯಂ ಫುಲ್! ನಮ್ಮ ಮಿಸ್ಬಾಹ್ ಎಸೆದ ಚೆಂಡು ಕಾಣಿಸಿದ್ರೆ ತಾನೆ ಅವರು ಹೊಡೆಯೋದು? ಪಂದ್ಯ ಮುಗಿದ ಮೇಲೆ ಜಪಾನಿನ ನಾಯಕ ಬಂದು ಇವನ ಕೈ ಹಿಡಿದು ತಿರುಗಿಸಿ ನೋಡಿದ. ಇದು ಕೈಯೋ ಮಿಷನ್ನೋ ಅಂತ!”

ಚಪ್ಪಾಳೆ. ಪರದೆಯ ಆಚೆಯಿಂದಲೂ ಚಪ್ಪಾಳೆ. ಅಲ್ಲಿ ರಶೀದಾ ಇದ್ದಳು. ಪಟಿಯಾಲದ ಮಂಜಿಗೆ ಆ ಸ್ಟೇಡಿಯಂನಲ್ಲಿ ಜಾಗ ಸಿಗಲಿಲ್ಲ.

“ಎರಡು ಮಾತು,” ಎಂದು ನಿಸಾರ್ ಮೈಕನ್ನು ಮಿಸ್ಬಾಹನ ಕೈಗೆ ಕೊಟ್ಟ.

“ನಾನು ಭಾರತಕ್ಕೆ ಆಡಿದವನಲ್ಲ,” ಎಂದ ಮಿಸ್ಬಾಹ್. ತನ್ನ ಸ್ವರ ಅಷ್ಟು ದೊಡ್ಡದಾಗಿ ಕೇಳಿ ತಾನೇ ಬೆಚ್ಚಿದ. “ನಾಯಕ ಆಗಿರಲಿಲ್ಲ. ಜಪಾನ್ ನೋಡಿಯೇ ಇಲ್ಲ. ನಾನು ಆಡಿದ್ದು ಒಂದೇ ಒಂದು ಒಳ್ಳೆಯ ಪಂದ್ಯ, ಅದು...”

“ನೋಡಿ! ಇದಕ್ಕೆ ಹೇಳೋದು ವಿನಯ ಅಂತ!” ನಿಸಾರನ ಕೈಯಲ್ಲಿ ಇನ್ನೊಂದು ಮೈಕ್ ಇತ್ತು.

“ವಿನಯ ಅಲ್ಲ, ನಿಜವಾಗಿ...”

ಚಪ್ಪಾಳೆ ಮತ್ತೂ ಜೋರಾಯಿತು. ಮುಂದಿನ ಸಾಲಿನಲ್ಲಿದ್ದ ಹಿರಿಯರಾದ ಅಬ್ದುಲ್ಲ ಕುಂಞಿ ಹಾಜಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಇಂಥವರು ಈಗ ಎಲ್ಲಿದ್ದಾರೆ,” ಎಂದರು ಪಕ್ಕದವರಿಗೆ.

ನಿಜ ಹೇಳಿ ಇಷ್ಟು ದೊಡ್ಡ ಸುಳ್ಳುಗಾರನಾಗಬಹುದೆಂದು ಮಿಸ್ಬಾಹ್‌ಗೆ ಗೊತ್ತಿರಲಿಲ್ಲ. ಮೈಕ್ ವಾಪಸ್ ಕೊಟ್ಟ. ಅದನ್ನೂ ಮುಂದಿನವನಿಗೆ ದಾಟಿಸಬೇಕಿತ್ತು.

ನೀರಿನ ಕೂಲರ್ ಹತ್ತಿರ ಬಾರಿಯನ್ನು ಹಿಡಿದ.

“ಜಪಾನ್ ಎಲ್ಲಿಂದ ಬಂತು?”

“ಪಟಿಯಾಲ ಅಂದ್ರೆ ಯಾರು ಕೈ ತಟ್ತಾರೆ, ಹೇಳು?”

“ಕೈ ತಟ್ಲಿಕ್ಕಲ್ಲ. ನಿನಗೆ ನೆನಪೇ ಇಲ್ವಾ? ಕಡೆಯವನು ಬ್ಯಾಟ್ ಹಿಡಿದಾಗ ನೀನು ನನಗೆ ಎರಡು ಬೆರಳು ತೋರಿಸಿದ್ದು. ನಾನು ಬೇಡ ಅಂತ ತಲೆ ಆಡಿಸಿದ್ದು. ನೀನು ಪುನಃ ಅದನ್ನೇ ತೋರಿಸಿದ್ದು.”

ಬಾರಿ ಲೋಟ ಕೆಳಗಿಟ್ಟ. ಈ ಸಲ ಯಾರ ಸ್ವರವನ್ನೂ ಎತ್ತಿಕೊಳ್ಳಲಿಲ್ಲ.

“ಅವತ್ತು ನನಗೆ ಜ್ವರ ಅಲ್ವಾ ಮಾರಾಯ. ನಾನು ಗ್ರೌಂಡಿಗೇ ಬಂದಿಲ್ಲ. ರೂಮಲ್ಲಿ ಕಂಬಳಿ ಹೊದ್ದು ಮಲಗಿದ್ದೆ. ನೀವೆಲ್ಲ ಬೊಬ್ಬೆ ಹೊಡೀತಾ ಬಂದು ಎಬ್ಬಿಸಿದ್ರಿ.”

“ಹಾಗಾದ್ರೆ ಹಿಡಿದದ್ದು ಯಾರು?”

“ಕುಂದಾಪುರದ ಒಬ್ಬ ಇದ್ದನಲ್ಲ. ಅವನಾ? ಅವನಲ್ಲ. ನೀನಲ್ವಾ ಎಸೆದದ್ದು, ನನ್ನನ್ನು ಎಂತ ಕೇಳೋದು?”

ಮಿಸ್ಬಾಹ್ ನೆನಪು ಮಾಡಿಕೊಳ್ಳಲು ನೋಡಿದ. ಮಂಜು, ಜಾಲರಿ, ಎರಡು ಬೆರಳು. ಇಷ್ಟು ವರ್ಷ ಜಾಲರಿಯ ಹಿಂದೆ ಬಾರಿಯ ಮುಖ ಇಟ್ಟುಕೊಂಡಿದ್ದ. ಈಗ ಅದನ್ನು ತೆಗೆದ. ಜಾಲರಿ ಉಳಿಯಿತು. ಅದರ ಹಿಂದೆಯೂ ಮಂಜೇ. ಅಂಥ ಮಂಜಿನಲ್ಲಿ ಪಂದ್ಯ ಆಡಿಸುತ್ತಾರೆಯೇ ಎಂಬ ಪ್ರಶ್ನೆ ಮೊದಲ ಸಲ ಬಂತು. ಬಂದದ್ದು ಹೋಗಲಿಲ್ಲ.

“ಮಿಸ್ಬಾಹ್ ಭಾಯ್, ಒಂದು ಎಸೆತ ತೋರಿಸ್ಬೇಕಂತೆ! ಎಲ್ಲರ ಒತ್ತಾಯ!” ನಿಸಾರ್ ಅಂಗಳದ ನಡುವಿನಿಂದ ಕರೆದ.

“ಚೆಂಡಿಲ್ಲ.”

“ಚೆಂಡು ಎಂತಕ್ಕೆ? ಆ್ಯಕ್ಷನ್ ಸಾಕು. ವಿಡಿಯೋಗೆ.”

ಯಾರೋ ಕುರ್ಚಿ ಸರಿಸಿ ದಾರಿ ಮಾಡಿದರು. ಬಾರಿ ಓಡಿಹೋಗಿ ಆ ತುದಿಯಲ್ಲಿ, ಹೊಟ್ಟೆ ಸಂಭಾಳಿಸಿಕೊಂಡು, ಕುಕ್ಕರುಗಾಲಲ್ಲಿ ಕೂತ. ತೊಡೆಗಳ ನಡುವೆ ಎರಡು ಬೆರಳು ತೋರಿಸಿದ. ಬಹುಶಃ ಪ್ರೀತಿಯಿಂದಲೇ.

ಮಿಸ್ಬಾಹನ ತಲೆ ತಾನಾಗಿ ಅಡ್ಡ ಆಡಿತು. ಬಾರಿ ಪುನಃ ಅದನ್ನೇ ತೋರಿಸಿದ. ಈಗಷ್ಟೇ ಹೇಳಿಕೊಟ್ಟದ್ದು, ಒಂದು ಕೂದಲೂ ತಪ್ಪಲಿಲ್ಲ.

ಎಸೆದ. ಭುಜದೊಳಗೆ ಸೂಜಿ ಎಳೆದಂತಾಯಿತು. ಬಾರಿ ಅಂಗೈ ಒಡ್ಡಿ ಬಾಯಲ್ಲಿ “ಠಪ್!” ಎಂದ. ಚರ್ಮದ ಗ್ಲೌಸಿಗೆ ಚೆಂಡು ಬಂದು ಕೂರುವ ಅದೇ ಸದ್ದು. ಮಿಸ್ಬಾಹನ ಕಣ್ಣು ತುಂಬಿತು. ಆ ಸದ್ದನ್ನು ಅವನು ಎಲ್ಲಿಯೋ ಕೇಳಿದ್ದ. ಅಷ್ಟಂತೂ ಖಂಡಿತ.

“ಇನ್ನೊಂದು ಸಲ ಸರ್, ವಿಡಿಯೋ ಬರಲಿಲ್ಲ.”

ಮತ್ತೆ ಎಸೆದ. ಠಪ್.

“ಮೊಬೈಲ್ ಅಡ್ಡ ಹಿಡಿಯೋ! ಸರ್, ಲಾಸ್ಟ್ ಒಂದು.”

ಕೈ ಎತ್ತಿದ. ಅಷ್ಟರಲ್ಲಿ ಊಟಕ್ಕೆ ಕರೆದರು. ಕುರ್ಚಿಗಳು ಒಟ್ಟಿಗೆ ಕಿರುಗುಟ್ಟಿದವು. ಬಾರಿ ಮೊಣಕಾಲಿಗೆ ಕೈ ಊರಿ ಎದ್ದು, ಪ್ಯಾಂಟ್ ಕೊಡವಿಕೊಂಡು, ತಟ್ಟೆಗಳ ಕಡೆ ನಡೆದ. ಅವನು ಕೂತಿದ್ದ ಜಾಗದಲ್ಲಿ ಪ್ಲಾಸ್ಟಿಕ್ ಹುಲ್ಲು ಮೆಲ್ಲನೆ ನೆಟ್ಟಗಾಯಿತು.

ಎತ್ತಿದ ಕೈ ಇಳಿಯಲಿಲ್ಲ. ನೋವಿರಲಿಲ್ಲ, ಅದು ಇಳಿಯುತ್ತಿರಲಿಲ್ಲ ಅಷ್ಟೆ. ಕಿವಿಯಿಂದ ಸ್ವಲ್ಪ ಮೇಲೆ, ಬೆರಳುಗಳು ಏನನ್ನೋ ಹಿಡಿದ ಹಾಗೆ ಬಾಗಿ, ನಿಂತುಬಿಟ್ಟಿತ್ತು.

ಮೊದಲು ನೋಡಿದ್ದು ಅಬ್ದುಲ್ಲ ಕುಂಞಿ ಹಾಜಿ, ತಮಗೇ ಕೈ ಎತ್ತಿ ವಿದಾಯ ಹೇಳುತ್ತಿದ್ದಾನೆಂದುಕೊಂಡರು. ಕೈಯಲ್ಲಿದ್ದ ತಟ್ಟೆಯನ್ನು ಎಡಕ್ಕೆ ಬದಲಿಸಿಕೊಂಡು, ಬಲಗೈ ಎತ್ತಿ, ದೊಡ್ಡವರು ಬಸ್ಸಿನ ಕಿಟಕಿಗೆ ಬೀಸುವಂತೆ ಬೀಸಿದರು. ಅವರನ್ನು ನೋಡಿ ಪಕ್ಕದವರು. ಅವರನ್ನು ನೋಡಿ ಸಾಲಿನಲ್ಲಿದ್ದವರು. ಪರದೆಯ ಅಂಚಿನಿಂದ ಬಳೆಯ ಕೈಯೊಂದು. ಬಾರಿಯೂ, ಬಾಯಿ ತುಂಬ ಅನ್ನ ಇಟ್ಟುಕೊಂಡು.

ಅವನು ಇಳಿಸುವ ಮೊದಲು ತಾವು ಇಳಿಸುವುದು ಮರ್ಯಾದೆಯಲ್ಲವೆಂಬಂತೆ, ಎಲ್ಲರೂ ಬೀಸುತ್ತಲೇ ಇದ್ದರು.