ರೊಟ್ಟಿ ಮಷೀನಿನ ಪ್ರಶ್ನೆ

ಅಫಜಲಪುರದಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಹೆಸರು ಗುರುಲಿಂಗ. ಅಂಗಡಿಯಿಂದ ಹೊಟ್ಟೆ ತುಂಬುತ್ತದೆ. ತಲೆ ಕೆಡಿಸಿಕೊಳ್ಳಲು ಬೇರೆ ಒಂದು ಉದ್ಯೋಗ ಇಟ್ಟುಕೊಂಡಿದ್ದೇನೆ. ಆನ್‌ಲೈನಿನಲ್ಲಿ ‘ಯಂತ್ರಕಟ್ಟೆ’ ಎಂಬ ಕನ್ನಡದ ವೇದಿಕೆಯಿದೆ. ಪಂಪು, ಗಿರಣಿ, ಸ್ಟಾರ್ಟರ್, ಏನು ಕೆಟ್ಟರೂ ಜನ ಅಲ್ಲಿ ಬಂದು ಕೇಳುತ್ತಾರೆ, ಬಲ್ಲವರು ಉತ್ತರ ಹೇಳುತ್ತಾರೆ, ಬಾರದವರು ಇನ್ನೂ ಜೋರಾಗಿ ಹೇಳುತ್ತಾರೆ. ನಾಲ್ಕು ಸಾವಿರ ಸದಸ್ಯರು. ಅವರನ್ನೆಲ್ಲ ಹದ್ದುಬಸ್ತಿನಲ್ಲಿ ಇಡುವವನು ನಾನು. ಸಂಬಳ ಇಲ್ಲ, ಬೈಗುಳಕ್ಕೆ ಕೊರತೆ ಇಲ್ಲ.

ಪ್ರಶ್ನೆ ಕೇಳುವುದು ಹೇಗೆಂದು ನಾನೇ ಕೂತು ನಿಯಮ ಬರೆದು ಎಲ್ಲಕ್ಕಿಂತ ಮೇಲೆ ಅಂಟಿಸಿದ್ದೇನೆ. ಮಷೀನು ಯಾವುದೆಂದು ಹೇಳಿ. ಏನಾಯಿತು, ಅದಕ್ಕೆ ಮೊದಲು ನೀವೇನು ಮಾಡಿದಿರಿ, ಮುಚ್ಚಿಡದೆ ಹೇಳಿ. ಫೋಟೋ ಹಾಕಿ. ‘ಅರ್ಜೆಂಟ್’ ಎಂದು ಕೂಗಬೇಡಿ, ಇಲ್ಲಿ ಎಲ್ಲರದೂ ಅರ್ಜೆಂಟೇ. ಹೀಗೆ ಒಂದು ಪುಟ. ಅದನ್ನು ಕೊನೆಯವರೆಗೆ ಓದಿದವರು ಇದುವರೆಗೆ ಇಬ್ಬರು. ಒಬ್ಬ ನಾನು, ಇನ್ನೊಬ್ಬ ಆಳಂದದ ಅರ್ಫಾತ. ಭೂಸನೂರ ಕಡೆಯ ಕಾರ್ಖಾನೆ, ಗಾಣಗಳಲ್ಲಿ ಸೆನ್ಸರ್ ರಿಪೇರಿ ಮಾಡುವ ಜಾಣ ಹುಡುಗ. ಅವನೂ ನನ್ನ ತಪ್ಪು ಹುಡುಕಲೆಂದೇ ಓದಿದ್ದು.

ಒಂದು ಸೋಮವಾರ ಬೆಳಿಗ್ಗೆ ಹೊಸ ಸದಸ್ಯೆಯೊಬ್ಬಳು ಬರೆದಳು. ಹೆಸರು ತಬಸ್ಸುಮ, ಜೇವರ್ಗಿ ತಾಲೂಕಿನ ಕೊಳಕೂರದವಳು.

“ಎಲ್ಲಾರಿಗೂ ನಮಸ್ಕಾರ್ರಿ, ಸಲಾಂ. ಎಲ್ಲಾರೂ ಆರಾಮ ಇದ್ದೀರೇನ್ರಿ? ಒಂದು ಮಾತು ಕೇಳೋದಿತ್ತು. ಕೇಳಬಹುದೇನ್ರಿ?”

ಇಷ್ಟು ಬರೆದು ಸುಮ್ಮನಾದಳು. ನಮ್ಮ ಸೀಮೆಯಲ್ಲಿ ಬಂದವರು ಬಾಗಿಲಲ್ಲಿ ನಿಂತು ‘ಬರ್ರಿ’ ಅನ್ನಿಸಿಕೊಂಡ ಮೇಲೇ ಒಳಗೆ ಕಾಲಿಡುತ್ತಾರೆ. ನೀರು ಕುಡಿದು, ಚಹಾ ಕುಡಿದು, ಮಳೆ ಬೆಳೆ ಮಾತಾಡಿ, ಹೊರಡಲು ಎದ್ದು ಚಪ್ಪಲಿ ಹಾಕಿಕೊಂಡ ಮೇಲೆ ಬಂದ ಕೆಲಸ ಹೇಳುತ್ತಾರೆ. ಮನೆಯಲ್ಲಿ ಅದು ಚೆಂದ. ವೇದಿಕೆಯಲ್ಲಿ ಏನಾಗುತ್ತದೆ? ‘ಆರಾಮ್ರಿ, ನೀವು?’ ಎಂದ ಒಬ್ಬ. ‘ನಿಮ್ಮ ಕಡಿ ಮಳಿ ಹ್ಯಾಂಗದ?’ ಎಂದ ಇನ್ನೊಬ್ಬ. ಕೊಳಕೂರ ಎಂದ ಕೂಡಲೇ ಮೂರನೆಯವನಿಗೆ ಆ ಊರಿಗೆ ಕೊಟ್ಟ ಅಕ್ಕ ನೆನಪಾದಳು. ಮಧ್ಯಾಹ್ನದ ಹೊತ್ತಿಗೆ ಅರವತ್ತೇಳು ಉತ್ತರ ಬಂದಿದ್ದವು. ಪ್ರಶ್ನೆ ಮಾತ್ರ ಇನ್ನೂ ಬಂದಿರಲಿಲ್ಲ.

ನನಗೆ ರೇಗಿತು. “ತಂಗಿ, ಕೇಳಲೇನು ಅಂತ ಕೇಳಬ್ಯಾಡ. ಕೇಳು,” ಎಂದು ಬರೆದೆ.

“ಮಷೀನ್ ನಿಂತದ್ರಿ.”

“ಯಾವ ಮಷೀನು?”

“ನಮ್ಮದ್ರಿ.”

ಹಣೆ ಚಚ್ಚಿಕೊಂಡೆ. ಹಲ್ಲು ಕೀಳುವಂತೆ ಒಂದೊಂದೇ ಕಿತ್ತು ತೆಗೆದಾಗ ಸಂಜೆಯ ಹೊತ್ತಿಗೆ ವಿಷಯ ಹೊರಬಿತ್ತು. ಅದು ಜೋಳದ ರೊಟ್ಟಿ ಮಾಡುವ ಮಷೀನು. ಹಿಟ್ಟಿನ ಉಂಡೆ ಪಟ್ಟಿಯ ಮೇಲೆ ಸಾಗಿ ಬರುತ್ತದೆ, ಒತ್ತುವ ತಟ್ಟೆಯ ಮುಂದೆ ಬಂದದ್ದನ್ನು ಒಂದು ಸೆನ್ಸರ್ ನೋಡುತ್ತದೆ, ತಟ್ಟೆ ಇಳಿದು ಉಂಡೆ ರೊಟ್ಟಿಯಾಗುತ್ತದೆ. ತಬಸ್ಸುಮಳ ಅತ್ತೆ ಅಮೀರುನ್ನಿಸಾ ಮತ್ತು ಪಕ್ಕದ ಮನೆಯ ಗಂಗುಬಾಯಿ ಇಪ್ಪತ್ತು ವರ್ಷದಿಂದ ಒಂದೇ ಒಲೆಯ ಎರಡು ಮಗ್ಗುಲಲ್ಲಿ ಕೂತು ರೊಟ್ಟಿ ಬಡಿದು ಮಾರಿದವರು. ಈಗ ಎಂಟು ಹೆಂಗಸರ ಗುಂಪು, ಗಂಗುಬಾಯಿ ಅದರ ಹಿರಿಯಳು. ಕೈಗಳು ಸೋತಿವೆ ಎಂದು ಎಲ್ಲರನ್ನೂ ಒಪ್ಪಿಸಿ ಮೂರು ವಾರದ ಹಿಂದೆ ಮಷೀನು ತರಿಸಿದವಳು ತಬಸ್ಸುಮ. ಅಮಾವಾಸ್ಯೆಗೆ ಘತ್ತರಗಿ ಭಾಗ್ಯವಂತಿ ದೇವಿಯ ಗುಡಿಗೆ ಬರುವ ಜನರ ಊಟಕ್ಕೆ ಮೂರು ಸಾವಿರ ರೊಟ್ಟಿ ಒಪ್ಪಿಕೊಂಡಿದ್ದರು. ಶನಿವಾರ ಬೆಳಿಗ್ಗೆ ಅಲ್ಲಿರಬೇಕು.

“ಸ್ವಿಚ್ ಹಾಕಿದ್ರ ಗಂಟಿ ಬಾರಿಸಿ ಇ-4 ಅಂತ ತೋರಸ್ತದ, ನಿಲ್ತದ,” ಎಂದು ಬರೆದಳು. “ರೊಟ್ಟಿ ಹೋಗಲಿಲ್ಲಂದ್ರ ಗುಂಪು ಒಡೀತದ್ರಿ. ಇಪ್ಪತ್ತು ವರ್ಷದ್ದು. ನನ್ನ ಸಲುವಾಗಿ ಒಡದಂಗ ಆಗ್ತದ.”

ಸಿಟ್ಟು ಸ್ವಲ್ಪ ಇಳಿಯಿತು. ಆದರೆ ನಮ್ಮ ಸದಸ್ಯರು ಇಳಿಯಲು ಬಿಡಬೇಕಲ್ಲ! ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ. ಒಬ್ಬ ಮೋಟಾರ್ ಬದಲಿಸಿ ಎಂದ. ಒಬ್ಬ ಮಷೀನೇ ಬದಲಿಸಿ ಎಂದ. ‘ನಮ್ಮದೂ ಹಿಂಗೇ ಆಗ್ಯಾದ’ ಎಂದು ಒಬ್ಬ ಬರೆದ. ಅವನ ಹತ್ತಿರ ಇದ್ದದ್ದು ಟ್ರ್ಯಾಕ್ಟರು. ಇನ್ನೊಬ್ಬನಿಗೆ ನೂರು ರೊಟ್ಟಿ ಬೇಕಾಗಿತ್ತು.

ಇ-4 ಅಂದರೆ ಉಂಡೆ ಸಿಕ್ಕಿಕೊಂಡಿದೆ ಎಂದು ಅರ್ಥ. ಉಂಡೆ ಇಲ್ಲದೆಯೂ ಹಾಗೆ ತೋರಿಸುತ್ತಿದ್ದರೆ ಸೆನ್ಸರಿನ ಗಾಜಿಗೆ ಹಿಟ್ಟು ಮೆತ್ತಿರಬಹುದು. “ಒತ್ತುವ ತಟ್ಟೆ ಪಕ್ಕದ ದುಂಡು ಗಾಜಿನ ಫೋಟೋ ಹಾಕು,” ಎಂದೆ.

ಮಂಗಳವಾರ ಬೆಳಿಗ್ಗೆ ಫೋಟೋ ಬಂತು. ಎಂಟು ಹೆಂಗಸರು ಇಳಕಲ್ ಸೀರೆಯುಟ್ಟು, ಸೆರಗು ಹೊದ್ದು, ಮದುವೆಯ ಬೀಗರಂತೆ ಸಾಲಾಗಿ ನಿಂತಿದ್ದರು. ಮಷೀನು ಎಲ್ಲಿ? ಎಡಗಡೆಯವರ ಮೊಣಕೈ ಹಿಂದೆ ಹೊಳೆಯುವ ಒಂದು ಕಾಲು ಕಂಡಿತು. “ನಿಮ್ಮ ಫೋಟೋ ಅಲ್ಲ, ಮಷೀನಿಂದು! ಹತ್ತಿರದಿಂದ!” ಎಂದು ಬರೆದೆ. ಒಂದು ಗಂಟೆ ಬಿಟ್ಟು ಗಾಜಿನ ಫೋಟೋ ಬಂತು. ತಿಕ್ಕಿ ತೊಳೆದ ಗಾಜು, ನನ್ನ ಕನ್ನಡಕಕ್ಕಿಂತ ಸ್ವಚ್ಛ. ಜೊತೆಗೆ ಒಂದು ಸಾಲು: “ಈಗ ನಡೀಲಿಕತ್ತದ್ರಿ! ತಾನೇ ಸುದ್ದ ಆತು. ನೀವು ಹೇಳಿದ್ದೆಲ್ಲಾ ಶೆಡ್ಡಿನಾಗ ಎಲ್ಲಾರ ಮುಂದ ಓದಿ ಹೇಳಾಕತ್ತೇನಿ. ಎಲ್ಲಾರೂ ನಿಮ್ಮನ್ನ ಹರಸ್ಯಾರ.”

ತಾನೇ ಕೆಡುವುದು ಉಂಟು, ತಾನೇ ಸರಿಯಾಗುವುದನ್ನು ನನ್ನ ಜನ್ಮದಲ್ಲಿ ಕಂಡಿಲ್ಲ. ಬುಧವಾರ ಬೆಳಿಗ್ಗೆ ಆರಕ್ಕೇ ಮತ್ತೆ ಬರೆದಳು: “ನಿಂತದ್ರಿ.” ಮತ್ತೆ ಫೋಟೋ ಕೇಳಿದೆ. ಮತ್ತೆ ಸ್ವಚ್ಛ ಗಾಜು ಬಂತು. ಫೋಟೋ ಬರುವಷ್ಟರಲ್ಲಿ ಮತ್ತೆ ಮಷೀನು ನಡೆಯತೊಡಗಿತ್ತು! ಎರಡು ದಿನದಲ್ಲಿ ಹೇಗೋ ಸಾವಿರ ರೊಟ್ಟಿ ಆಗಿದ್ದವು, ಇನ್ನೂ ಎರಡು ಸಾವಿರ ಉಳಿದಿದ್ದವು.

“ನಡುವೆ ಏನು ಮಾಡಿದಿರಿ? ಏನಾದರೂ ಬದಲಿಸಿದಿರಾ, ಮುಟ್ಟಿದಿರಾ?”

“ಏನೂ ಇಲ್ರಿ. ದಿನಾ ಮಾಡೋದೇ ಮಾಡೇವಿ.”

ಯಾರೂ ಏನೂ ಮಾಡದೆ ಕೆಡುವ, ಯಾರೂ ಏನೂ ಮಾಡದೆ ಸರಿಯಾಗುವ ಈ ಮಷೀನಿನಿಂದ ನನಗೆ ಊಟ ಸೇರಲಿಲ್ಲ. ಕೊನೆಗೆ ಅರ್ಫಾತನನ್ನು ಕರೆದೆ. ಸೆನ್ಸರ್ ಅಂದರೆ ಅವನು ಕಣ್ಣು ಮುಚ್ಚಿ ಹೇಳುವವನು. ಅವನು ಬಂದು ಎಲ್ಲ ಓದಿ, ಒಂದು ತಾಸು ಬಿಟ್ಟು, “ವೋಲ್ಟೇಜ್ ನೋಡ್ರಿ,” ಎಂದು ಬರೆದ. ವೋಲ್ಟೇಜ್ ಅಂತೆ! ಕರೆಂಟಿನವರಿಗೆ ಬೈಯುವವರೆಲ್ಲ ಓಡಿ ಬಂದು ಸೇರಿಕೊಂಡರು, ಮೂಲ ಪ್ರಶ್ನೆ ಕಾಣದಂತೆ ಮುಚ್ಚಿಹೋಯಿತು. ನಾನು ಅಂದಿನ ಮಟ್ಟಿಗೆ ಎಲ್ಲರ ಬಾಯಿಗೂ ಬೀಗ ಹಾಕಿ ದಪ್ಪ ಅಕ್ಷರದಲ್ಲಿ ಬರೆದೆ: “ತಬಸ್ಸುಮ, ನಾಳೆ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದಾಗಿನಿಂದ ಮಷೀನು ನಿಲ್ಲುವವರೆಗೆ ಆದದ್ದೆಲ್ಲ ಬರಿ. ಇದಕ್ಕೂ ಮಷೀನಿಗೂ ಸಂಬಂಧ ಇಲ್ಲ ಅನ್ನಿಸಿದ್ದನ್ನೂ ಬಿಡಬೇಡ. ಯಾವುದು ಮುಖ್ಯ ಅನ್ನೋದನ್ನ ನಾನು ನೋಡಿಕೊಳ್ಳುತ್ತೇನೆ.”

ಗುರುವಾರ ಬೆಳಿಗ್ಗೆ ಬಂದ ಬರಹ ಓದಿ ನನ್ನ ಎದೆ ಉಬ್ಬಿತು. ಎಂಟು ವರ್ಷದಲ್ಲಿ ಯಂತ್ರಕಟ್ಟೆಗೆ ಬಂದ ಅತ್ಯುತ್ತಮ ಪ್ರಶ್ನೆ ಅದು. ನಮಸ್ಕಾರ ಒಂದೇ ಸಾಲು, ಮಷೀನಿನ ಮಾಡೆಲ್ಲು, ಆಮೇಲೆ ಹೊತ್ತುಗೊತ್ತು ಹಾಕಿದ ವಿವರ. “ಐದು ಇಪ್ಪತ್ತು: ಕೀಲಿ ತೆಗೆದೆವು. ಐದೂವರೆ: ಕಸ ಹೊಡೆದೆವು, ಹಿಟ್ಟು ನಾದಿದೆವು. ಐದು ಐವತ್ತು: ಗಂಗು ಆಯಿ ಸ್ನಾನ ಮಾಡಿ ಬಂದರು. ಮಷೀನಿನ ದುಂಡು ಗಾಜಿಗೆ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗಿದರು. ಮೊದಲು ಮೇಲಿನ ತಗಡಿಗೆ ಹಚ್ಚುತ್ತಿದ್ದರು. ಅದು ಕಾದು ಕುಂಕುಮ ಸುಡುತ್ತದೆಂದು ಈ ಸೋಮವಾರದಿಂದ ತಂಪಾಗಿರುವ ಗಾಜಿಗೆ ಹಚ್ಚುತ್ತಾರೆ. ಐದು ಐವತ್ತೈದು: ಸ್ವಿಚ್ ಹಾಕಿದೆವು. ಇ-4.”

ಕುರ್ಚಿಯಿಂದ ಹಾರಿ ಎದ್ದೆ. ಸಿಕ್ಕಿತು! ಮಷೀನು ನಿಂತಾಗ ನಾನು ಫೋಟೋ ಕೇಳುತ್ತೇನೆ. ಹೊರಗಿನವರ ಮುಂದೆ ಕೊಳೆ ಮಷೀನು ತೋರಿಸಬಾರದೆಂದು ಗಂಗುಬಾಯಿ ಗಾಜು ತೊಳೆಯುತ್ತಿರಬೇಕು. ಮಷೀನು ನಡೆಯುತ್ತದೆ. ಮರುದಿನ ಬೆಳಿಗ್ಗೆ ಆ ಸಂತೋಷಕ್ಕೆ ಮತ್ತಷ್ಟು ದಪ್ಪ ಕುಂಕುಮ. ಪೂಜೆ ಅವರ ಲೆಕ್ಕದಲ್ಲಿ ‘ಮಷೀನಿಗೆ ಏನೋ ಮಾಡುವುದು’ ಅಲ್ಲವೇ ಅಲ್ಲ. ಹಲ್ಲುಜ್ಜಿದ್ದನ್ನು ಯಾರು ವೈದ್ಯರಿಗೆ ಹೇಳುತ್ತಾರೆ?

ಗೆದ್ದ ಉಬ್ಬಿನಲ್ಲಿ ಹಿಂದೆ ಮುಂದೆ ನೋಡದೆ ಎಲ್ಲರಿಗೂ ಕಾಣುವಂತೆ ಬರೆದೆ: “ಕುಂಕುಮದಿಂದಲೇ ಕೆಟ್ಟಿದೆ. ಆ ಗಾಜು ಮಷೀನಿನ ಕಣ್ಣು. ಮುಚ್ಚಿದರೆ ಉಂಡೆ ಅಡ್ಡ ನಿಂತಿದೆ ಅಂದುಕೊಂಡು ನಿಲ್ಲುತ್ತದೆ. ಕೂಡಲೇ ಒರೆಸಿ. ಇನ್ನು ಮುಂದೆ ಅಲ್ಲಿ ಹಚ್ಚಬೇಡಿ.”

ಉತ್ತರವಿಲ್ಲ. ಒಂದು ತಾಸಾಯಿತು, ಎರಡಾಯಿತು. ಮಳೆ ಕೇಳುವವನೂ ಇಲ್ಲ, ರೊಟ್ಟಿ ಕೇಳುವವನೂ ಇಲ್ಲ. ನಾಲ್ಕು ಸಾವಿರ ಜನರ ಕಟ್ಟೆ ಮಸಣದಂತೆ ಬಿಕೋ ಎಂದಿತು. ಆಗ ನಾನು ಬರೆದದ್ದನ್ನು ನಾನೇ ಮತ್ತೆ ಓದಿದೆ. ಕುಂಕುಮದಿಂದ ಕೆಟ್ಟಿತು. ಕುಂಕುಮ ಒರೆಸಿ. ಇದನ್ನು ಆ ಹುಡುಗಿ ಶೆಡ್ಡಿನಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದುತ್ತಾಳೆ. ಮುತ್ತೈದೆ ಹಚ್ಚಿದ ಕುಂಕುಮ ಒರೆಸು ಎಂದು ಹಿರಿಯಳಿಗೆ ಹೇಳುವವನು ನಾನೆಂಥ ಮನುಷ್ಯ! ಅಳಿಸೋಣವೆಂದರೆ ಅವರು ಓದಿಯಾಗಿತ್ತು.

ಹನ್ನೊಂದಕ್ಕೆ ತಬಸ್ಸುಮಳ ಖಾತೆಯಿಂದ ಧ್ವನಿ ಸಂದೇಶ ಬಂತು. ಒತ್ತಿದರೆ ಮುದುಕಿಯ ದನಿ, ಸಂತೆಯಲ್ಲಿ ಕೂಗುವಷ್ಟು ಗಟ್ಟಿ.

“ಯಾರೋ ನೀ, ಗುರುಲಿಂಗ ಅನ್ನಾವ? ಅದು ಕಣ್ಣು ಅಂತ ಮೊದಲೇ ಬೊಗಳಬೇಕಿಲ್ಲೇನೋ ಬಾಡ್ಯಾ! ಕಣ್ಣಾಗ ಕುಂಕುಮ ಬಿದ್ರ ಮನಶಾಗೇ ಉರೀತದ, ಪಾಪ ಅದೇನು ಮಾಡೀತು? ನಾ ಅದಕ್ಕ ಹಣಿ ಅಂತ ತಿಳದಿದ್ದೆ. ತೊಳದೇನಿ, ತಪ್ಪಾತಂತ ಕೈ ಮುಗದೇನಿ, ಇನ್ನ ಕಾಲಿಗೆ ಹಚ್ತೇನಿ. ಈಗ ಗಡಗಡ ನಡ್ಯಾಕತ್ತದ. ಅಮೀರವ್ವ ಹೇಳ್ತಾಳ, ಆಕಿ ಲೋಬಾನ ಹೊಗಿ ಹಾಕೋದೂ ದೂರದಿಂದೇ ಹಾಕ್ತಾಳಂತ. ನಿನಗ ಮಕ್ಕಳವೇನೋ? ರೊಟ್ಟಿ ಕಳಸ್ತೇನಿ, ತಿನ್ರಿ.” ಹಿಂದೆ ಉಳಿದ ಹೆಂಗಸರು ನಗುತ್ತಿದ್ದರು. ನಾನೂ ಅಂಗಡಿಯಲ್ಲಿ ಒಬ್ಬನೇ ಕೂತು ಕಣ್ಣಲ್ಲಿ ನೀರು ಬರುವಂತೆ ನಕ್ಕೆ.

ಶನಿವಾರ ಬೆಳಿಗ್ಗೆ ಮೂರು ಸಾವಿರ ರೊಟ್ಟಿ ಘತ್ತರಗಿ ಮುಟ್ಟಿದವು. ಅದನ್ನು ಹೇಳಲು ತಬಸ್ಸುಮ ಫೋನ್ ಮಾಡಿದಳು. ಈ ಸಲ ಆರಾಮ ಕೇಳಿದ್ದು ನಾನೇ ಮೊದಲು. ಆಮೇಲೆ ಚಟ ಬಿಡಲಿಲ್ಲ, ಪಾಠ ಶುರು ಮಾಡಿದೆ.

“ನೋಡು ತಂಗಿ, ಗುರುವಾರ ಬರೆದಂಗ ಸೋಮವಾರನೇ ಬರೆದಿದ್ದರ ಐದು ನಿಮಿಷದ ಕೆಲಸ. ಮುಚ್ಚಿಡಬಾರದು ಅಂತ ನಿಯಮದಾಗ ಬರದೇನಿ. ಓದಿಲ್ಲ ನೀ.”

“ಓದೇನ್ರಿ ಅಣ್ಣಾ. ಸೇರೋ ಮೊದಲೇ ಎರಡ ಸಲ ಓದೇನಿ.”

“ಮತ್ತ?”

“ಮಂಗಳವಾರ ಆಯಿ ಗಾಜು ತೊಳದ ಕೂಡ್ಲೇ ಮಷೀನ್ ನಡೀತಲ್ರಿ, ಆಗಲೇ ನನಗ ಗೊತ್ತಾತು. ಬುಧವಾರ ತೊಳಿಲಿ ಅಂತನೇ ನೀವು ಫೋಟೋ ಕೇಳೋ ದಾರಿ ಕಾದೆ. ಅರ್ಫಾತ ಭಾಯಿಗೂ ತಿಳೀತು. ಇದು ಗಾಜಿಗೆ ಏನಾರ ಹಚ್ಚೋದರಿಂದೇನು ಅಂತ ನನಗಷ್ಟೇ ಬ್ಯಾರೆ ಬರದು ಕೇಳಿದ್ರು. ಕಟ್ಟಿ ಮ್ಯಾಲ ಬರೀಬ್ಯಾಡ್ರಿ ಅಂದೆ. ಅದಕ್ಕ ಅವರು ವೋಲ್ಟೇಜ್ ಅಂದ್ರು.”

ನನಗೆ ನಿಜಕ್ಕೂ ಸಿಟ್ಟು ಬಂತು. ಗೊತ್ತಿದ್ದ ಉತ್ತರಕ್ಕೆ ಮೂರು ದಿನ ನಾಲ್ಕು ಸಾವಿರ ಜನರನ್ನು ಕುಣಿಸಿದ್ದಳು. “ಗೊತ್ತಿದ್ದೂ ಕೇಳಿದ್ಯಾ?”

“ಆಯಿ ಹಚ್ಚಿದ ಕುಂಕುಮ ನಾ ಒರಸ್ಲೇನ್ರಿ? ನಾ, ಅರ್ಫಾತ ಭಾಯಿ, ಯಾರಾರ ನಮ್ಮವರು ಕುಂಕುಮದಿಂದ ಕೆಟ್ಟದ ಅಂದ್ರ, ಅದು ಮಷೀನಿನ ಮಾತಾಗಿ ಉಳೀತದೇನ್ರಿ? ನಾಳೆ ಯಾರೋ ಅದಕ್ಕ ಬ್ಯಾರೆ ಬಣ್ಣ ಹಚ್ತಾರ. ಗುರುಲಿಂಗ ಅಂತ ನಿಮ್ಮ ಹೆಸರು ನೋಡೇನಿ, ನೀವು ಮಾರಿ ನೋಡದ ಸೀದಾ ಹೇಳ್ತೀರಂತ ಹಳೇ ಉತ್ತರ ಓದಿ ತಿಳಕೊಂಡೇನಿ. ನೀವು ಹೇಳೋತನ ಕಾದೇನಿ. ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ.”

ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಆ ಜಾಗದಲ್ಲಿ ನಾಚಿಕೆ ಬಂದು ಕೂತಿತು. ಅವಳಿಗೆ ಪ್ರಶ್ನೆ ಕೇಳುವುದನ್ನು ನಾನು ಕಲಿಸಿದೆನೆಂದು ಮೂರು ದಿನದಿಂದ ಬೀಗುತ್ತಿದ್ದೆ. ಏನಾದರೂ ದೊಡ್ಡವನಂತೆ ಹೇಳಬೇಕೆಂದು ತಡಕಾಡಿ, “ಇಷ್ಟೆಲ್ಲ ಯಾಕ ತಂಗಿ, ನೀನೇ ಹೇಳಬಹುದಿತ್ತು. ಗಂಗುಬಾಯಿ ಅಷ್ಟು ಒಳ್ಳೇಕಿ ಇದ್ದಾಳ, ಕೇಳಿದ್ನಲ್ಲ ನಾ,” ಎಂದೆ.

“ಅದಕ್ಕೇ ಹೇಳಾಕ ಆಗಲಿಲ್ರಿ,” ಎಂದಳು ತಬಸ್ಸುಮ. “ಕೆಟ್ಟಾಕಿ ಇದ್ದಿದ್ರ ಮಂಗಳವಾರನೇ ಹೇಳ್ತಿದ್ದೆ.”